ಹೋಮರನ ‘ಫಾಗ್ ವಾರ್ನಿಂಗ್’: ನಾನು ನಕಲು ತೆಗೆದ ಬಗೆ

ಅಮೆರಿಕದ ಚಿತ್ರಕಾರ ವಿನ್ಸ್ಲೋ ಹೋಮರ್ 1885ರಲ್ಲಿ ಬರೆದ ‘ದಿ ಫಾಗ್ ವಾರ್ನಿಂಗ್’ (ಮಂಜಿನ ಮುನ್ಸೂಚನೆ) ತೈಲಚಿತ್ರದ ನಕಲು ತೆಗೆಯುತ್ತೇನೆ ಅಂದಾಗ ಗೆಳೆಯರು ಕೇಳಿದ್ದು ಒಂದೇ: ಅಲೆ ಹೇಗೆ ಬರೀತೀಯ? ಅಲೆ ಅಷ್ಟೇನೂ ಕಾಡಲಿಲ್ಲ. ಕಾಡಿದ್ದು ದೋಣಿ, ಅದಕ್ಕಿಂತ ಹೆಚ್ಚಾಗಿ ಬೂದು ಬಣ್ಣ.

ಮೂಲ ಚಿತ್ರ ಬಾಸ್ಟನ್ನಿನ ಮ್ಯೂಸಿಯಂ ಆಫ್ ಫೈನ್ ಆರ್ಟ್ಸ್‌ನಲ್ಲಿದೆ. ಡೋರಿ ಎಂಬ ಸಣ್ಣ ದೋಣಿಯಲ್ಲಿ ಒಬ್ಬನೇ ಮೀನುಗಾರ. ಹಿಂಬದಿಯಲ್ಲಿ ಭಾರದ ಹ್ಯಾಲಿಬಟ್ ಮೀನು. ಹುಟ್ಟು ಹಿಡಿದೇ ಕತ್ತು ಹೊರಳಿಸಿ ದೂರದ ಹಾಯಿಹಡಗಿನತ್ತ ನೋಡುತ್ತಿದ್ದಾನೆ. ಅದರಾಚೆ ದಿಗಂತದಲ್ಲಿ ಮಂಜು ಏಳುತ್ತಿದೆ. ಹಡಗು ಕಣ್ಮರೆಯಾದರೆ ಇವನ ಕಥೆ ಅಷ್ಟೇ.

ಮೂಲದ ಅಳತೆ ಸುಮಾರು 77 × 123 ಸೆಂ.ಮೀ., ಅಂದರೆ ಹೆಚ್ಚುಕಡಿಮೆ 5:8. ಅದಕ್ಕೇ 50 × 80ರ ಕ್ಯಾನ್ವಾಸ್ ಬಿಗಿದು 10 ಸೆಂ.ಮೀ. ಚೌಕ ಹಾಕಿಕೊಂಡೆ.

ದೋಣಿ ಬರೆಯುವವರು ಮಲಗಿದ 8ರ ಆಕಾರದಿಂದ ಶುರುಮಾಡುವುದುಂಟು. ಡೋರಿಗೆ ಅದು ಪೂರ್ತಿ ಒಗ್ಗುವುದಿಲ್ಲ. ಅದರ ತಳ ಚಪ್ಪಟೆ, ಪಕ್ಕಗಳು ಹೊರಕ್ಕೆ ಅರಳಿದಂತೆ. ಒಳಗಿನ ಹಲಗೆ ತೆಗೆದು, ತಟ್ಟೆ ಜೋಡಿಸಿದ ಹಾಗೆ ಹಡಗಿನ ಮೇಲೆ ಒಂದರೊಳಗೊಂದು ಇಡಲೆಂದೇ ಈ ಆಕಾರ. ರಟ್ಟು ಕತ್ತರಿಸಿ ಮೊಳದುದ್ದದ ಡೋರಿ ಮಾಡಿ, ಮೂತಿಯ ಕೆಳಗೆ ಪುಸ್ತಕ ತುರುಕಿ, ಒಂದು ಕಡೆಯಿಂದ ದೀಪ ಹಚ್ಚಿಟ್ಟೆ. ನೆರಳು ಎಲ್ಲಿ ಮುರಿಯುತ್ತದೆ ಎಂಬುದು ಆಗಲೇ ಗೊತ್ತಾದದ್ದು. ಹೋಮರನೂ ಕಡಲ ನಡುವೆ ಕೂತು ಬರೆದವನಲ್ಲ. ಮೇನ್ ರಾಜ್ಯದ ಪ್ರೌಟ್ಸ್ ನೆಕ್‌ನಲ್ಲಿ ಮರಳದಿಬ್ಬಕ್ಕೆ ಡೋರಿ ಆನಿಸಿ ನೆರೆಯವನನ್ನು ಕೂರಿಸಿ ಬರೆದ ಎನ್ನುತ್ತಾರೆ. ಓದಿದಾಗ ನನ್ನ ರಟ್ಟಿನ ದೋಣಿಯ ಮೇಲೆ ಗೌರವ ಬಂತು.

ಇನ್ನು ಬೂದು. ಟ್ಯೂಬಿನ ಸಿದ್ಧ ಗ್ರೇ ಇಲ್ಲಿ ಸತ್ತಂತೆ ಕಾಣುತ್ತದೆ. ಅಲ್ಟ್ರಾಮರೀನ್ ಎಂಬ ನೀಲಿ, ಬರ್ನ್ಟ್ ಅಂಬರ್ ಎಂಬ ಕಂದು, ಬಿಳಿ ಇಷ್ಟರಲ್ಲೇ ಮೂರು ಗುಡ್ಡೆ ಕಲಸಿದೆ: ನೀಲಿ ಹೆಚ್ಚಿದ್ದು ನೀರಿಗೆ, ಕಂದು ಹೆಚ್ಚಿದ್ದು ದೋಣಿಗೆ, ನಡುವಿನದು ಮಂಜಿಗೆ. ಮಂಜು ಅಂದರೆ ಬಿಳಿ ಅಂದುಕೊಳ್ಳುತ್ತೇವೆ. ಇಲ್ಲಿ ಅದು ಆಕಾಶಕ್ಕಿಂತ ಕಪ್ಪು, ಗೋಡೆಯಂತೆ ನಿಂತದ್ದು. ಚಿತ್ರದ ಭಯವೆಲ್ಲ ಆ ಪಟ್ಟಿಯಲ್ಲೇ ಇದೆ. ಆದ್ದರಿಂದ ಮೊದಲು ಆ ಪಟ್ಟಿ ಬರೆದು, ಉಳಿದ ನೆರಳು-ಬೆಳಕನ್ನೆಲ್ಲ ಅದಕ್ಕೆ ಹೋಲಿಸಿ ಕಟ್ಟಿದೆ. ಆ ಕಾಲದವರ ಸೀಸದ ಬಿಳಿ ವಿಷ, ಮನೆಯೊಳಗೆ ಬೇಡ. ಟೈಟಾನಿಯಂ ಬಿಳಿ ನೋಟಕ್ಕೆ ಬಲು ತಣ್ಣಗಿನದು, ನೀಲಿಯತ್ತ ವಾಲುವಂಥದ್ದು, ಜೊತೆಗೆ ಬಣ್ಣವನ್ನು ಸುಣ್ಣದಂತೆ ಮಾಡಿಬಿಡುತ್ತದೆ. ಚಿಟಿಕೆ ಯೆಲ್ಲೋ ಓಕರ್ (ಮಣ್ಣಿನ ಹಳದಿ) ಸೇರಿಸಿದರೆ ಹದಕ್ಕೆ ಬರುತ್ತದೆ. ಅಚ್ಚ ಬಿಳಿಯನ್ನು ಮೀನಿನ ಹೊಟ್ಟೆಗೆ ಮಾತ್ರ ಉಳಿಸಿಕೊಂಡೆ. ನೊರೆಗೂ ಕೊಡಲಿಲ್ಲ.

ಅಡಿಯ ಪದರಕ್ಕೆ ಟರ್ಪೆಂಟೈನಿನಲ್ಲಿ ತೆಳುವಾಗಿಸಿದ ಅಂಬರ್ ಬಳಿದಿದ್ದು ಅನುಕೂಲವಾಯಿತು. ಅದರಲ್ಲಿರುವ ಮ್ಯಾಂಗನೀಸ್‌ನಿಂದ ಬೇಗ ಒಣಗುತ್ತದೆ. ಮೇಲಿನ ಬಿಳಿ ಮಳೆಗಾಲದ ತೇವಕ್ಕೆ ಬಹಳ ದಿನ ಬೆರಳಿಗೆ ಅಂಟುತ್ತಲೇ ಇತ್ತು. ವಾರ್ನಿಷ್ ಇನ್ನೂ ಹಚ್ಚಿಲ್ಲ, ಬೇಸಿಗೆ ಬರಲಿ.