ಕಲೆಯಲ್ಲಿ ಏನೇನು ಕೆಲಸಗಳಿವೆ? ಬೇಸಿಗೆ ಶಿಬಿರದ ನನ್ನ ಅನುಭವ

ಕೆಲವು ವರ್ಷಗಳಿಂದ ನಾನು ಮತ್ತು ನನ್ನ ಗೆಳೆಯರು ಬೇಸಿಗೆ ರಜೆಯಲ್ಲಿ 14ರಿಂದ 18 ವಯಸ್ಸಿನ ಮಕ್ಕಳಿಗಾಗಿ ಒಂದು ಶಿಬಿರ ನಡೆಸುತ್ತಿದ್ದೇವೆ. ಇಲ್ಲಿ ಹಾಡು, ಕುಣಿತ, ಚಿತ್ರ ಬಿಡಿಸುವುದನ್ನು ಕಲಿಸುವುದಿಲ್ಲ. ಅದನ್ನು ಕಲಿಸುವವರು ಬೇಕಾದಷ್ಟು ಜನ ಇದ್ದಾರೆ. ಕಲೆಯನ್ನು ನಂಬಿಕೊಂಡು ಬದುಕುವವರು ಬೆಳಗ್ಗೆಯಿಂದ ಸಂಜೆವರೆಗೆ ಏನು ಮಾಡುತ್ತಾರೆ, ಅವರಿಗೆ ದುಡ್ಡು ಎಲ್ಲಿಂದ ಬರುತ್ತದೆ, ಆ ಕೆಲಸಕ್ಕೆ ಸೇರುವ ದಾರಿ ಯಾವುದು ಅನ್ನೋದನ್ನು ತೋರಿಸುವುದು ನಮ್ಮ ಉದ್ದೇಶ.

ಮಕ್ಕಳನ್ನು ಕೇಳಿದರೆ ನಟ, ಗಾಯಕಿ, ಚಿತ್ರಕಾರ ಅಂತ ನಾಲ್ಕೈದು ಹೆಸರು ಹೇಳಿ ನಿಲ್ಲಿಸುತ್ತಾರೆ. ವೇದಿಕೆಯ ಮೇಲೆ ಕಾಣುವವರಷ್ಟೇ ಅವರಿಗೆ ಗೊತ್ತು. ವೇದಿಕೆಯ ಹಿಂದೆ ದುಡಿಯುವವರೇ ಜಾಸ್ತಿ, ಅಲ್ವಾ? ಗಣಿತ ಇಷ್ಟಪಡುವ ಹುಡುಗಿಗೆ, ಮರಗೆಲಸದ ಕೈಯಿರುವ ಹುಡುಗನಿಗೆ, ಎಲ್ಲವನ್ನೂ ಪಟ್ಟಿ ಮಾಡಿಟ್ಟುಕೊಳ್ಳುವ ಸ್ವಭಾವದವರಿಗೆ ಅಲ್ಲಿ ಜಾಗವಿದೆ. ಅದು ಅವರಿಗೆ ಗೊತ್ತಾಗದೇ ಹೋಗುವುದು ನನಗೆ ನಿಜವಾಗಿಯೂ ಸಂಕಟದ ವಿಷಯ.

ಹಾಗಾಗಿ ಪ್ರವೇಶಕ್ಕೆ ಆಡಿಷನ್ ಇಟ್ಟಿಲ್ಲ. ಚಿತ್ರ ತಂದು ತೋರಿಸಿ ಅಂತಲೂ ಕೇಳುವುದಿಲ್ಲ. ಒಂದೇ ಪ್ರಶ್ನೆ: ಯಾರೂ ಹೇಳದಿದ್ದರೂ ನೀನು ಮನಸ್ಸಿಟ್ಟು ಮಾಡುವ ಕೆಲಸ ಯಾವುದು? ಹಳೆ ರೇಡಿಯೊ ಬಿಚ್ಚಿ ಜೋಡಿಸುತ್ತೇನೆ ಎಂದು ಬರೆದವರಿಗೂ, ತಂಗಿಯ ಬಟ್ಟೆ ನಾನೇ ಹೊಲಿಯುತ್ತೇನೆ ಎಂದು ಬರೆದವರಿಗೂ ಜಾಗ ಸಿಗುತ್ತದೆ. ರಜೆಯಲ್ಲಿ ದುಡಿದು ಮನೆಗೆ ನೆರವಾಗುವ ಮಕ್ಕಳು ಶಿಬಿರಕ್ಕೆ ಬಂದರೆ ಆ ಸಂಪಾದನೆ ತಪ್ಪುತ್ತದೆ. ಅಂಥವರಿಗೆ ಓಡಾಟದ ಖರ್ಚಿನ ಜೊತೆ ಒಂದಿಷ್ಟು ಭತ್ಯೆಯನ್ನೂ ಕೊಡುತ್ತೇವೆ. ದೇಣಿಗೆ ಕೇಳುವಾಗ ನಾನು ಮೊದಲು ಹೇಳುವುದು ಈ ಖರ್ಚನ್ನೇ.

ಬರುವ ಕಲಾವಿದರಿಗೆ ನಮ್ಮ ಕೋರಿಕೆ ಇಷ್ಟೇ: ಭಾಷಣ ಬೇಡ, ಕೆಲಸ ತನ್ನಿ. ಈಗ ಕೈಯಲ್ಲಿರುವ ಕೆಲಸವನ್ನೇ ಮಕ್ಕಳ ಮುಂದೆ ಮಾಡಿ, ಅದರಲ್ಲಿ ಒಂದು ಭಾಗವನ್ನು ಅವರ ಕೈಗೆ ಕೊಡಿ. ಅವರಿಗೆ ಸಂಭಾವನೆ ಕೊಟ್ಟೇ ಕೊಡುತ್ತೇವೆ. ಕಲೆ ಒಂದು ದುಡಿಮೆ ಅಂತ ಮಕ್ಕಳಿಗೆ ಹೇಳಿ, ಅದೇ ಕೋಣೆಯಲ್ಲಿ ಕಲಾವಿದರನ್ನು ಸುಮ್ನೆ ದುಡಿಸಿಕೊಳ್ಳುವುದು ಸರಿಯಲ್ಲ.

ನನಗೆ ಬಹಳ ಇಷ್ಟವಾದದ್ದು ಸ್ಟೇಜ್ ಮ್ಯಾನೇಜರ್ ಬರುವ ದಿನ. ನಾಟಕ ಶುರುವಾದ ಮೇಲೆ ಅದನ್ನು ನಡೆಸುವವರು ಅವರೇ. ನಿರ್ದೇಶಕರು ಆಗ ಸಭಾಂಗಣದಲ್ಲಿ ಕೂತು ನೋಡುತ್ತಿರುತ್ತಾರೆ, ಅಷ್ಟೆ. ಸ್ಟೇಜ್ ಮ್ಯಾನೇಜರ್ ಬಳಿ ಪ್ರಾಂಪ್ಟ್ ಬುಕ್ ಇರುತ್ತದೆ. ಒಂದು ಪುಟದಲ್ಲಿ ಮಾತು, ಎದುರು ಪುಟದಲ್ಲಿ ಬೆಳಕು ಯಾವಾಗ ಬದಲಾಗಬೇಕು, ಸದ್ದು ಯಾವಾಗ ಬರಬೇಕು, ಯಾರು ಯಾವ ಕಡೆಯಿಂದ ಒಳಗೆ ಬರಬೇಕು ಎಂಬ ಗುರುತುಗಳು. ಮಕ್ಕಳು ಎರಡು ಪುಟದ ಒಂದು ದೃಶ್ಯಕ್ಕೆ ತಾವೇ ಪ್ರಾಂಪ್ಟ್ ಬುಕ್ ಮಾಡುತ್ತಾರೆ. ಆಮೇಲೆ ಒಬ್ಬರು ಹೆಡ್‌ಸೆಟ್ ಹಾಕಿಕೊಂಡು ಕ್ಯೂ, ಅಂದರೆ ಬೆಳಕು, ಸದ್ದು ಬದಲಿಸುವ ಸೂಚನೆ ಕೊಡುತ್ತಾರೆ. ಮೊದಲು ‘ಸ್ಟ್ಯಾಂಡ್ ಬೈ’. ಆಚೆಯವರು ಸಿದ್ಧ ಎಂದ ಮೇಲೆ, ಸರಿಯಾದ ಮಾತು ಬಂದಾಗ ‘ಗೋ’. ಹೆಡ್‌ಸೆಟ್‌ನಲ್ಲಿ ಬೇರೆ ಯಾವುದಕ್ಕೂ ಆ ‘ಗೋ’ ಬಳಸಬಾರದು. ಬಳಸಿದರೆ ಲೈಟಿನವರ ಬೆರಳು ಗುಂಡಿ ಒತ್ತಿಬಿಡುತ್ತದೆ.

ತರಗತಿಯಲ್ಲಿ ಬಾಯಿ ಬಿಡದ ಮಕ್ಕಳು ಇಲ್ಲಿ ಅರಳುವುದನ್ನು ಮತ್ತೆ ಮತ್ತೆ ನೋಡಿದ್ದೇನೆ. ಎಲ್ಲರೆದುರು ನಿಲ್ಲುವುದಕ್ಕೆ ಹೆದರುವ ಹುಡುಗಿ, ಕತ್ತಲಲ್ಲಿ ಕೂತು ಇಡೀ ದೃಶ್ಯವನ್ನು ತನ್ನ ದನಿಯಿಂದ ನಡೆಸುತ್ತಾಳೆ. ಆ ದನಿಯಲ್ಲಿ ನಡುಕ ಇರುವುದಿಲ್ಲ. ‘ಇದನ್ನೂ ಓದೋಕಾಗುತ್ತಾ ಮೇಡಂ?’ ಅಂತ ಆಮೇಲೆ ಬಂದು ಕೇಳುತ್ತಾರೆ. ಆಗುತ್ತದೆ, ರಂಗಶಾಲೆಗಳಲ್ಲಿ ಕಲಿಯಬಹುದು. ಇಲ್ಲವೇ ಯಾವುದಾದರೂ ತಂಡ ಸೇರಿ, ಸಹಾಯಕರಾಗಿ ಶುರು ಮಾಡಬಹುದು. ಎರಡೂ ದಾರಿಯಲ್ಲಿ ಬಂದವರನ್ನು ಅವರ ಮುಂದೆ ಕೂರಿಸುತ್ತೇವೆ.

ಬೆಳಕಿನ ವಿನ್ಯಾಸ ಹೇಳಿಕೊಡುವವರು ದೀಪಗಳಿಗೆ ಸೂಚನೆ ಕಳಿಸುವ ಡಿಎಂಎಕ್ಸ್ ಕೇಬಲ್ ಕೈಗೆ ಕೊಟ್ಟು ಶುರು ಮಾಡುತ್ತಾರೆ. ಒಂದು ಸಾಲಿನಲ್ಲಿ 512 ಚಾನೆಲ್, ಅಂದರೆ ಬೇರೆ ಬೇರೆ ಸೂಚನೆ ಹೋಗುವ 512 ದಾರಿ. ಒಂದು ಎಲ್‌ಇಡಿ ದೀಪಕ್ಕೆ ಕೆಂಪು, ಹಸಿರು, ನೀಲಿ, ಪ್ರಖರತೆ ಅಂತ 4 ಚಾನೆಲ್ ಬೇಕಾದರೆ, ಮೊದಲನೇ ದೀಪದ ವಿಳಾಸ (ಅದರ ಮೊದಲ ಚಾನೆಲ್‌ನ ಸಂಖ್ಯೆ) 1, ಎರಡನೆಯದು 5, ಮೂರನೆಯದು 9. ಎರಡು ದೀಪಕ್ಕೆ ಒಂದೇ ವಿಳಾಸ ಕೊಟ್ಟರೆ ಎರಡೂ ಒಟ್ಟಿಗೆ ಬಣ್ಣ ಬದಲಿಸುತ್ತವೆ. ಯಾಕೆ ಹೀಗಾಯಿತು ಅಂತ ಹುಡುಕುವುದರಲ್ಲೇ ಮಕ್ಕಳಿಗೆ ಅರ್ಧ ಪಾಠ ಆಗಿಹೋಗುತ್ತದೆ.

ಮ್ಯೂಸಿಯಂ ಕೆಲಸಕ್ಕೆ ಒಂದು ಬೆಳಗ್ಗೆ. ಕಾಗದದ ಮೇಲಿನ ಚಿತ್ರ, ಜಲವರ್ಣ, ಹಳೆ ಬಟ್ಟೆ ಇವಕ್ಕೆ ಸಾಮಾನ್ಯವಾಗಿ 50 ಲಕ್ಸ್ (ಬೆಳಕನ್ನು ಅಳೆಯುವ ಮಾನ) ಸುತ್ತಮುತ್ತಲಿನ ಬೆಳಕಷ್ಟೇ ಇಡುತ್ತಾರೆ. ಬೆಳಕಿನಿಂದ ಬಣ್ಣ ಮಾಸುತ್ತದೆ, ಮಾಸಿದ್ದು ಮರಳಿ ಬರುವುದಿಲ್ಲ. ಮಕ್ಕಳ ಕೈಗೆ ಲಕ್ಸ್ ಮೀಟರ್ ಕೊಟ್ಟು ಕಿಟಕಿಯ ಪಕ್ಕ ಅಳೆಯಲು ಹೇಳುತ್ತೇವೆ. ಅಂಕಿ ಸಾವಿರ ದಾಟಿದ್ದನ್ನು ನೋಡಿದ ಮೇಲೆ ಹೆಚ್ಚೇನೂ ವಿವರಿಸಬೇಕಾಗಿಲ್ಲ. ಆಮೇಲೆ ಒಂದು ಹಳೆ ವಸ್ತುವಿನ ಸ್ಥಿತಿ ವರದಿ ಬರೆಯುತ್ತಾರೆ: ಎಲ್ಲಿ ಗೀರಿದೆ, ಎಲ್ಲಿ ಬಿರುಕು, ಎಲ್ಲಿ ಕಲೆ. ನಿಧಾನಕ್ಕೆ, ಗಮನವಿಟ್ಟು ನೋಡುವ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಕೆಲಸ ನನಗಂತೂ ಗೊತ್ತಿಲ್ಲ.

ಅನಿಮೇಷನ್ ಮತ್ತು ಸಿನಿಮಾ ಶಬ್ದಕ್ಕೆ ಮಧ್ಯಾಹ್ನ ಸಾಕು, ಮಕ್ಕಳಿಗೆ ಇವುಗಳ ಬಗ್ಗೆ ಮೊದಲೇ ಒಂದಿಷ್ಟು ಗೊತ್ತಿರುತ್ತದೆ. ಸಿನಿಮಾದಲ್ಲಿ ಸೆಕೆಂಡಿಗೆ 24 ಫ್ರೇಮ್, ಒಂದು ಚಿತ್ರವನ್ನು ಎರಡು ಫ್ರೇಮ್ ನಿಲ್ಲಿಸಿದರೂ ಒಂದು ನಿಮಿಷಕ್ಕೆ 720 ಚಿತ್ರ ಬೇಕು. ಈ ಲೆಕ್ಕವನ್ನು ಅವರೇ ಮಾಡಿದಾಗ, ಅನಿಮೇಷನ್‌ಗೆ ಅಷ್ಟೊಂದು ಜನ ಯಾಕೆ ಬೇಕು ಅನ್ನೋದು ಅರ್ಥವಾಗುತ್ತದೆ. ಶಬ್ದದ ವಿಷಯದಲ್ಲಿ, ಸಿನಿಮಾದ ದೃಶ್ಯಕ್ಕೆ ಬೇಕಾದ ಸದ್ದುಗಳನ್ನು ಕೈಯಾರೆ ಮಾಡಿ ಸೇರಿಸುವ ಫೋಲಿ ಕಲಾವಿದರ ಕೆಲಸ ತೋರಿಸುತ್ತೇವೆ. ಯೂನಿವರ್ಸಲ್ ಸ್ಟುಡಿಯೊದಲ್ಲಿ ಕೆಲಸ ಮಾಡಿದ ಜ್ಯಾಕ್ ಫೋಲಿಯಿಂದ ಆ ಹೆಸರು ಬಂತು. ಕಾರ್ನ್‌ಫ್ಲೋರ್ ಚೀಲವನ್ನು ಹಿಸುಕಿದರೆ ಹಿಮದ ಮೇಲೆ ನಡೆದ ಸದ್ದು. ಕೈಗವಸು ಬಡಿದರೆ ಹಕ್ಕಿಯ ರೆಕ್ಕೆ.

ದುಡ್ಡಿನ ಪಾಠಕ್ಕೆ ಪೂರ್ತಿ ಒಂದು ದಿನ ಇಟ್ಟಿದ್ದೇವೆ. ಇದನ್ನು ಬಿಟ್ಟು ಶಿಬಿರ ಮಾಡಬೇಡಿ ಅಂತ ಯಾರು ಕೇಳಿದರೂ ಹೇಳುತ್ತೇನೆ. ಮಕ್ಕಳನ್ನು ಜೋಡಿ ಮಾಡಿ, ಒಬ್ಬರನ್ನು ಪ್ರಕಾಶಕರಾಗಿಸಿ, ಇನ್ನೊಬ್ಬರನ್ನು ಚಿತ್ರಕಾರರಾಗಿಸುತ್ತೇವೆ. ಒಂದು ಮಕ್ಕಳ ಪುಸ್ತಕಕ್ಕೆ 20 ಚಿತ್ರ ಬೇಕು. ಎಷ್ಟು ಕೇಳುತ್ತೀರಿ? ಮೊದಲ ಸಲ ಎಲ್ಲರೂ ತೀರಾ ಕಡಿಮೆ ಹೇಳುತ್ತಾರೆ. ಆಗ ಗಂಟೆಗಳ ಲೆಕ್ಕ ಹಾಕಿಸುತ್ತೇವೆ. ಕಥೆ ಓದುವುದು, ಕರಡು ಚಿತ್ರ, ತಿದ್ದುಪಡಿ, ಅಂತಿಮ ಚಿತ್ರ, ಜೊತೆಗೆ ಫೋನಿನಲ್ಲಿ ಮಾತಾಡುವ ಸಮಯವೂ ಸೇರಬೇಕು. ಎಷ್ಟು ಸಲ ತಿದ್ದಿಕೊಡಬೇಕು ಅನ್ನೋದು ಕರಾರಿನಲ್ಲಿ ಇರಬೇಕು. ಮುಂಗಡ ಎಷ್ಟು, ಕೆಲಸ ನಡುವೆ ನಿಂತುಹೋದರೆ ಏನು, ಅದೂ ಇರಬೇಕು.

ಹಕ್ಕಿನ ವಿಷಯ ಇಲ್ಲೇ ಬರುತ್ತದೆ. ಕಾಪಿರೈಟ್ ಬಗ್ಗೆ ದೇಶದೇಶಗಳು ಮಾಡಿಕೊಂಡ 1886ರ ಬರ್ನ್ ಒಪ್ಪಂದಕ್ಕೆ ಸೇರಿದ ದೇಶಗಳಲ್ಲಿ, ಚಿತ್ರ ಬರೆದ ಕೂಡಲೇ ಅದರ ಕಾಪಿರೈಟ್ ಹುಟ್ಟುತ್ತದೆ, ನೋಂದಣಿ ಮಾಡಿಸಲೇಬೇಕು ಅಂತಿಲ್ಲ. ಚಿತ್ರವನ್ನು ಒಂದು ಪುಸ್ತಕಕ್ಕೆ ಮಾತ್ರ ಬಳಸಲು ಕೊಡುವುದು ಬೇರೆ, ಎಲ್ಲ ಹಕ್ಕನ್ನೂ ಬರೆದುಕೊಡುವುದು ಬೇರೆ. ಎರಡಕ್ಕೂ ಒಂದೇ ಸಂಭಾವನೆ ಇರಬಾರದು. ಹದಿನೈದರ ಮಕ್ಕಳಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಕೆಲವರು ಕರಾರಿನ ಪ್ರತಿ ಸಾಲಿಗೂ ಜಗಳ ಆಡುತ್ತಾರೆ. ಆ ಜಗಳ ನೋಡಲು ನನಗೆ ತುಂಬಾ ಖುಷಿ.

ಅಪ್ಪ ಅಮ್ಮಂದಿರನ್ನೂ ಅದೇ ಸಂಜೆ ಕರೆಯುತ್ತೇವೆ. ‘ಇದರಲ್ಲಿ ಹೊಟ್ಟೆ ತುಂಬುತ್ತಾ?’ ಎಂಬ ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ನಾನು ಉತ್ತರ ಕೊಡುವುದಿಲ್ಲ, ಕಲಾವಿದರೇ ಕೊಡುತ್ತಾರೆ. ಕೆಲಸ ಇಲ್ಲದ ತಿಂಗಳುಗಳಲ್ಲಿ ಏನು ಮಾಡುತ್ತಾರೆ, ಪಾಠ ಹೇಳಿ ಎಷ್ಟು ಬರುತ್ತದೆ, ಪ್ರದರ್ಶನದಿಂದ ಎಷ್ಟು, ಉಳಿತಾಯ ಹೇಗೆ, ಎಲ್ಲವನ್ನೂ ಮುಚ್ಚುಮರೆಯಿಲ್ಲದೆ ಹೇಳಬೇಕು ಅಂತ ಮೊದಲೇ ಕೇಳಿಕೊಂಡಿರುತ್ತೇವೆ. ಬಣ್ಣ ಬಳಿದು ಹೇಳಿದರೆ ಮನೆಯವರಿಗೆ ಕೂಡಲೇ ಗೊತ್ತಾಗುತ್ತದೆ. ಕೇಳಿದ ಮೇಲೆ ‘ಇದು ನನಗಲ್ಲ’ ಎಂದು ತೀರ್ಮಾನಿಸುವ ಮಕ್ಕಳೂ ಇದ್ದಾರೆ. ಅವರು ಕಣ್ಣಾರೆ ನೋಡಿ ತೀರ್ಮಾನಿಸಿದರಲ್ಲ, ಅದಕ್ಕೆ ನನಗೆ ಗೌರವವಿದೆ.

ಕೊನೆಗೆ ಒಂದು ಸಣ್ಣ ಪ್ರದರ್ಶನ ಇರುತ್ತದೆ. ಎಲ್ಲ ಹೊಣೆ ಮಕ್ಕಳದ್ದೇ: ಪೋಸ್ಟರ್, ಬಜೆಟ್, ಬೆಳಕು, ಕುರ್ಚಿ ಜೋಡಿಸುವುದು, ಬಂದವರನ್ನು ಕೂರಿಸುವುದು. ಪ್ರೇಕ್ಷಕರ ಮುಂದೆ ಹೆಸರು ಓದುವಾಗ ನಟರ ಹೆಸರಿನಷ್ಟೇ ಗಟ್ಟಿಯಾಗಿ ಪರಿಕರ ನೋಡಿಕೊಂಡವರ ಹೆಸರನ್ನೂ ಓದುತ್ತೇವೆ.

ಶಿಬಿರ ಮುಗಿದ ಮೇಲೆ ಆಸಕ್ತಿ ಉಳಿದವರಿಗೆ, ಕಲಾವಿದರೊಬ್ಬರ ಜೊತೆ ಕೆಲವು ದಿನ ಇದ್ದು ಕೆಲಸ ನೋಡಲು ಏರ್ಪಾಡು ಮಾಡುತ್ತೇವೆ. ಮನೆಯವರ ಒಪ್ಪಿಗೆ ಪತ್ರ ಬೇಕು, ದೊಡ್ಡವರು ಇಬ್ಬರಾದರೂ ಜೊತೆಗಿರಬೇಕು, ಕತ್ತಲಾಗುವ ಮೊದಲು ಮಕ್ಕಳು ಮನೆ ಸೇರಬೇಕು. ಈ ವಿಷಯದಲ್ಲಿ ಯಾರಿಗೂ ರಿಯಾಯಿತಿ ಇಲ್ಲ. ಮುಂದಿನ ಬೇಸಿಗೆಗೆ ಅನುದಾನದ ಅರ್ಜಿ ಬರೆಯುವುದನ್ನೂ ಸೇರಿಸುತ್ತಿದ್ದೇವೆ. ಏನು ಮಾಡುತ್ತೇನೆ, ಯಾರಿಗಾಗಿ, ಎಷ್ಟು ಬೇಕು ಎಂಬ ಮೂರಕ್ಕೆ ಒಂದೇ ಪುಟದಲ್ಲಿ ಉತ್ತರ ಬರೆಯಬೇಕು. ಆ ಪುಟಗಳನ್ನು ಓದಿ ಅಭಿಪ್ರಾಯ ಹೇಳುವುದಕ್ಕೆ ಹಿಂದಿನ ವರ್ಷಗಳಲ್ಲಿ ಶಿಬಿರಕ್ಕೆ ಬಂದಿದ್ದ ಮಕ್ಕಳನ್ನೇ ಕರೆಯುತ್ತಿದ್ದೇವೆ.