ಹಳೇ ಪೋರ್ಷೆ ಕೊಳ್ಳುವ ಮುನ್ನ ಮನೆಯ ರ‍್ಯಾಂಪ್ ಅಳೆಯಿರಿ

ಈ ಆರೇಳು ವರ್ಷಗಳಲ್ಲಿ ಒಂಬತ್ತು ಜನರ ಜೊತೆ ಹಳೇ ಪೋರ್ಷೆ ನೋಡಲು ಹೋಗಿದ್ದೇನೆ. ಒಂಬತ್ತರಲ್ಲಿ ಏಳು ಮಂದಿ ಮಾಡಿದ್ದು ಒಂದೇ ಕೆಲಸ. ಕಾರಿಗೊಂದು ಪ್ರದಕ್ಷಿಣೆ ಹಾಕಿದರು, ಒಳಗೆ ಕೂತು ಸ್ಟೀರಿಂಗ್ ಹಿಡಿದು ಫೋಟೊ ತೆಗೆಸಿಕೊಂಡರು, ಆಮೇಲೆ ದೊಡ್ಡ ಮೆಕ್ಯಾನಿಕ್ಕಿನ ಹಾಗೆ ಮುಂದಿನ ಬಾನೆಟ್ ಎತ್ತಿಸಿದರು. ಅಲ್ಲಿ ಎಂಜಿನ್ ಇರಲಿಲ್ಲ, ಚೀಲ ಇಡುವ ಗುಂಡಿ ಇತ್ತು. ಹಿಂದಿನದನ್ನೂ ಎತ್ತಿಸಿದರು. ಅಲ್ಲೂ ಚೀಲ ಇಡುವ ಗುಂಡಿಯೇ. ಎಂಜಿನ್ ಎಲ್ಲಿ ಅಂತ ಕೇಳಲು ನಾಚಿಕೆಯಾಗಿ ಅಡ್ವಾನ್ಸ್ ಕೊಟ್ಟು ಬಂದರು.

ಪೋರ್ಷೆಯ ಬಾಕ್ಸ್ಟರ್ ಮತ್ತು ಕೇಮನ್ ಮಾದರಿಗಳಲ್ಲಿ ಎಂಜಿನ್ ಇರುವುದು ಸೀಟಿನ ಬೆನ್ನ ಹಿಂದೆ, ಹಿಂದಿನ ಚಕ್ರಗಳಿಗಿಂತ ಮುಂದೆ. ಮಾಲೀಕನ ಕೈಗೆ ಸಿಗುವುದು ಆಯಿಲ್ ಮತ್ತು ಕೂಲಂಟ್ ಸುರಿಯುವ ಬಾಯಿಗಳು ಮಾತ್ರ. ಕೋಟಿ ರೂಪಾಯಿಯ ಆಸುಪಾಸಿನ ಕನಸಿನ ಕಾರುಗಳ ಪೈಕಿ ಸೆಕೆಂಡ್ ಹ್ಯಾಂಡ್‌ನಲ್ಲಿ ಸಂಬಳದವರ ಕೈಗೂ ಎಟುಕುವಷ್ಟು ಇಳಿಯುವುದು ಇವೇ ಆದ್ದರಿಂದ ನಮ್ಮವರು ಬೀಳುವುದೂ ಹೆಚ್ಚಾಗಿ ಇವುಗಳ ಬಲೆಗೇ. ಕಾರಿನ ಬೆಲೆ ಹೊಸ ಇನ್ನೋವಾದ ಮಟ್ಟಕ್ಕೆ ಇಳಿದಿರಬಹುದು, ಅದರ ಬಿಡಿಭಾಗಗಳ ಬೆಲೆ ಇಳಿದಿಲ್ಲ. ಅವು ಇನ್ನೂ ಆ ದೊಡ್ಡ ಕಾರಿನ ಭಾಗಗಳೇ. ಇದು ತಲೆಯಲ್ಲಿದ್ದರೆ ಮುಂದಿನದೆಲ್ಲ ಸಲೀಸು.

1. ಮೊದಲು ಮನೆಯ ರ‍್ಯಾಂಪ್

ಕಾರು ನೋಡಲು ಹೋಗುವುದಕ್ಕೂ ಮೊದಲು ಒಂದು ದಾರ, ಒಂದು ಟೇಪು ಮತ್ತು ಮನೆಯವರೊಬ್ಬರನ್ನು ಕರೆದುಕೊಂಡು ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ಬಾಯಿಗೆ ಹೋಗಿ. 987 ಮಾದರಿಯ (2005–12ರ) ಬಾಕ್ಸ್ಟರ್‌ನಲ್ಲಿ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವಿನ ದೂರ 2,415 ಮಿ.ಮೀ. ಅಷ್ಟುದ್ದದ ದಾರವನ್ನು ರ‍್ಯಾಂಪಿನ ನೆತ್ತಿಯ ಆಚೆಗೊಬ್ಬರು, ಈಚೆಗೊಬ್ಬರು ನೆಲದಿಂದ ಸರಿಯಾಗಿ 30 ಸೆಂ.ಮೀ. ಎತ್ತರದಲ್ಲಿ ಬಿಗಿಯಾಗಿ ಹಿಡಿಯಿರಿ. ನೆತ್ತಿಯಿಂದ ದಾರಕ್ಕೆ ಎಷ್ಟು ಜಾಗ ಉಳಿಯಿತು ಅಳೆಯಿರಿ. 22 ಸೆಂ.ಮೀ. ಉಳಿದರೆ ನೆಲ 8 ಸೆಂ.ಮೀ. ಉಬ್ಬಿದೆ ಅಂತ ಅರ್ಥ. ಅದಕ್ಕಿಂತ ಹೆಚ್ಚು ಉಬ್ಬಿದ್ದರೆ ಕಾರಿನ ಹೊಟ್ಟೆ ನೆಲಕ್ಕೆ ಉಜ್ಜುತ್ತದೆ. ಬೇರೆ ಕಡೆ ಪಾರ್ಕಿಂಗ್ ಬಾಡಿಗೆಗೆ ಹಿಡಿಯಿರಿ, ಇಲ್ಲವೇ ಆಸೆ ಬಿಡಿ.

ರಸ್ತೆಯ ಹಂಪ್‌ಗಳ ಲೆಕ್ಕವೂ ಇದೇ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿ ಹೇಳುವ ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ. ಅಷ್ಟು ಅಗಲವಿದ್ದರೆ ಕಾರಿನ ಚಕ್ರಗಳೂ ಅದರ ಬೆನ್ನ ಮೇಲೇ ಏರಿರುತ್ತವೆ, ಹೊಟ್ಟೆಯ ಕೆಳಗೆ ನೆಲ ಮೇಲೆ ಬರುವುದು ನಾಲ್ಕೂ ಚಿಲ್ಲರೆ ಸೆಂ.ಮೀ. ಮಾತ್ರ. ಸಲೀಸಾಗಿ ದಾಟಬಹುದು. ಆದರೆ ಬಡಾವಣೆಯವರು ರಾತ್ರೋರಾತ್ರಿ ಉಳಿದ ಡಾಂಬರಿನಲ್ಲಿ ಕಟ್ಟಿದ ಅರ್ಧ ಮೀಟರ್ ಅಗಲದ ದಿಣ್ಣೆ ಇದೆಯಲ್ಲ, ಅದು 15 ಸೆಂ.ಮೀ. ಎತ್ತರವಿದ್ದರೆ ಅಷ್ಟೂ ಎತ್ತರ ನೇರ ಹೊಟ್ಟೆಗೇ. ಓರೆಯಾಗಿ ದಾಟಿದರೆ ಮುಂದಿನ ಬಂಪರ್ ಉಳಿಯಬಹುದು, ಹೊಟ್ಟೆ ಉಳಿಯುವ ಖಾತರಿಯಿಲ್ಲ. ಮನೆಯಿಂದ ಮುಖ್ಯರಸ್ತೆವರೆಗೆ ಇಂಥವು ಎಷ್ಟಿವೆ ಎಣಿಸಿಕೊಂಡು ಬನ್ನಿ.

2. ಯಾವ ವರ್ಷದ್ದು?

2009 ಅಥವಾ ಆಮೇಲಿನದು. ನನ್ನ ಮಟ್ಟಿಗೆ ಇದರಲ್ಲಿ ರಾಜಿಯಿಲ್ಲ.

ಕಾರಣ ಕೇಳುವವರಿಗೆ: ಅದಕ್ಕೂ ಹಿಂದಿನ ಎಂಜಿನ್‌ಗಳಲ್ಲಿ ಇಂಟರ್‌ಮೀಡಿಯೆಟ್ ಶಾಫ್ಟ್ ಎಂಬುದೊಂದಿದೆ. ಅದರ ಒಂದು ತುದಿಯನ್ನು ಹೊತ್ತಿರುವ ಬೇರಿಂಗ್ ಸವೆದು ಪುಡಿಯಾದರೆ ಎಂಜಿನ್ನಿನ ಕಥೆ ಮುಗಿಯಿತು. ಗ್ಯಾರೇಜಿನವರು ‘ಐಎಂಎಸ್ ಪ್ರಾಬ್ಲಂ’ ಅನ್ನುವುದು ಇದನ್ನೇ. 2000ದಿಂದ 2005ರವರೆಗಿನ ಬಹುಪಾಲು ಕಾರುಗಳಲ್ಲಿ ಆ ಬೇರಿಂಗ್ ತೀರಾ ಚಿಕ್ಕದು. 2006–08ರವುಗಳಲ್ಲಿ ದೊಡ್ಡದು, ಕೆಡುವುದು ಕಡಿಮೆ. ಆದರೆ ಬದಲಿಸಬೇಕೆಂದರೆ ಎಂಜಿನ್ ಹೊಟ್ಟೆ ಸೀಳಬೇಕು. 2009ರ ಹೊಸ ಎಂಜಿನ್ನಿನಲ್ಲಿ ಆ ಶಾಫ್ಟೇ ಇಲ್ಲ. ಪಿಡಿಕೆ ಎಂಬ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಈ ಕಾರುಗಳಿಗೆ ಬಂದದ್ದೂ ಅದೇ ವರ್ಷ. ಬಾಕ್ಸ್ಟರೋ ಕೇಮನ್ನೋ ಅಂದರೆ, ಕೇಮನ್. ನಮ್ಮ ಧೂಳಿಗೆ ಬಾಕ್ಸ್ಟರಿನ ಬಟ್ಟೆಯ ಚಾವಣಿ ಯಾಕೆ ಬೇಕು? ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಚಾವಣಿ ತೆರೆದು ಒಂದು ಸಲ ನಿಂತು ನೋಡಿ.

3. ಬಣ್ಣ

ಕಾರ್ಖಾನೆಯಿಂದ ಬಂದ ಬಣ್ಣ ಯಾವುದಾದರೂ ಸರಿ, ಸ್ಟಿಕರ್ ಸುತ್ತಿದ ಕಾರನ್ನು ನೋಡಲೂ ಹೋಗಬೇಡಿ.

4. ತಣ್ಣಗಿರುವಾಗ ನೋಡಿ

ಎಡವುವುದು ಇಲ್ಲೇ. ಅರ್ಧ ದಿನ ಇದಕ್ಕಾಗಿಯೇ ಎತ್ತಿಡಿ.

ಬೆಳಿಗ್ಗೆ ಆರೂವರೆಗೆ ಬರುತ್ತೇವೆ, ಅಲ್ಲಿವರೆಗೆ ಸ್ಟಾರ್ಟ್ ಮಾಡಬೇಡಿ ಎಂದು ಹಿಂದಿನ ದಿನವೇ ಹೇಳಿ. ಹೋದ ತಕ್ಷಣ ನಮಸ್ಕಾರಕ್ಕೂ ಮೊದಲು ಸೈಲೆನ್ಸರ್ ಕೊಳವೆಗೆ ಅಂಗೈ ಇಡಿ. ಬೆಚ್ಚಗಿದೆಯೇ? ಮಾರುವವರು ನಗುತ್ತಾ, “ನೀವು ಬರ್ತೀರಿ ಅಂತ ಒಂದು ರೌಂಡ್ ಹಾಕಿ ತಂದಿಟ್ಟಿದ್ದೀನಿ ಸಾರ್” ಅನ್ನುತ್ತಾರೆ. “ಸಂತೋಷ, ನಾಳೆ ಬರ್ತೀವಿ” ಅಂತ ಹೇಳಿ ಎದ್ದುಬಿಡಿ. ನನ್ನ ಅಕ್ಕನ ಮಗ ಹೀಗೆ ಏಳಲಿಲ್ಲ. ಬಿಸಿ ಎಂಜಿನ್ನಿನ ಸದ್ದು ಕೇಳಿ ಮರುಳಾದ, ಮೂರನೇ ತಿಂಗಳು ಎಂಜಿನ್ ಇಳಿಸಬೇಕಾಯಿತು. ಇವತ್ತಿಗೂ ಹಬ್ಬದ ಊಟದಲ್ಲಿ ನನ್ನ ಪಕ್ಕ ಕೂರುವುದಿಲ್ಲ.

ತಣ್ಣಗಿದ್ದರೆ ಸ್ಟಾರ್ಟ್ ಮಾಡಿಸಿ, ನೀವು ಕಾರಿನ ಹಿಂದೆ ನಿಲ್ಲಿ. ಈ ಎಂಜಿನ್ನಿನ ಸಿಲಿಂಡರ್‌ಗಳು ಅಡ್ಡ ಮಲಗಿರುತ್ತವೆ. ರಾತ್ರಿಯಿಡೀ ನಿಂತಾಗ ಒಂದಿಷ್ಟು ಆಯಿಲ್ ಒಳಗೆ ಜಿನುಗುವುದುಂಟು. ಆದ್ದರಿಂದ ಮೊದಲ ಕ್ಷಣ ಒಂದು ಗುಟುಕು ನೀಲಿ ಹೊಗೆ ಬಂದು ನಿಂತರೆ ಗಾಬರಿ ಬೇಡ. ನಿಲ್ಲದೆ ಬರುತ್ತಲೇ ಇದ್ದರೆ ಗಾಬರಿಯಾಗಿ. ಹತ್ತು ನಿಮಿಷ ಎಸಿ ಹಾಕಿ ನಿಂತಲ್ಲೇ ಎಂಜಿನ್ ಓಡಲು ಬಿಡಿ. ಎಂಜಿನ್ ಬಿಸಿಯೇರಿದಂತೆ ಟಿಕ್ ಟಿಕ್ ಸದ್ದು ಹೆಚ್ಚಾಗುತ್ತಿದ್ದರೆ ಸಿಲಿಂಡರ್ ಗೋಡೆ ಗೀರಿರುವ ಅನುಮಾನ. 2005–08ರ 3.4 ಲೀಟರ್ ಎಂಜಿನ್ನಿಗೆ ಈ ಕಾಯಿಲೆಯ ಕುಖ್ಯಾತಿಯಿದೆ. ಸ್ಪಾರ್ಕ್ ಪ್ಲಗ್ ಬಿಚ್ಚಿ, ಆ ತೂತಿನಲ್ಲಿ ಬೋರೋಸ್ಕೋಪ್ ಕ್ಯಾಮೆರಾ ಇಳಿಸಿ ನೋಡಿದರೆ ಮಾತ್ರ ಸತ್ಯ ಗೊತ್ತಾಗುವುದು. ಮಾರುವವರು ಒಪ್ಪದಿದ್ದರೆ ಅದೂ ಒಂದು ಉತ್ತರವೇ.

ಆಮೇಲೆ ಲಿಫ್ಟ್. ಮಾರುವವರ ಪರಿಚಯದ ಗ್ಯಾರೇಜ್ ಬೇಡ, ದುಡ್ಡು ಕೊಟ್ಟು ಬೇರೆ ಕಡೆ ಎತ್ತಿಸಿ. ಕೆಳಗಿನ ಪ್ಲಾಸ್ಟಿಕ್ ಹೊದಿಕೆ ಬಿಚ್ಚಿಸಿ, ಎಂಜಿನ್ ಮತ್ತು ಗೇರ್‌ಬಾಕ್ಸ್ ಕೂಡುವ ಜಾಗಕ್ಕೆ ಟಾರ್ಚ್ ಬಿಡಿ. ಅಲ್ಲಿ ಆಯಿಲ್ ಹನಿಯುತ್ತಿದ್ದರೆ ಗೇರ್‌ಬಾಕ್ಸ್ ಇಳಿಸುವ ಕೂಲಿಯನ್ನು ಬೆಲೆಯಲ್ಲಿ ಕಳೆಯಿರಿ. ಅಪ್ಪಟ ಹೊಸದಾಗಿ ತೊಳೆದು ಹೊಳೆಯುತ್ತಿದ್ದರೆ ಇನ್ನೂ ಹೆಚ್ಚು ಅನುಮಾನಿಸಿ. ಹೊಟ್ಟೆಯ ಕೆಳಗಿನ ಗೀರುಗಳು ಹಿಂದಿನ ಮಾಲೀಕರ ಬಡಾವಣೆಯ ಹಂಪ್‌ಗಳ ಚರಿತ್ರೆ. ಮುಂದಿನ ಬಂಪರಿನ ಎರಡೂ ಬಾಯಿಗಳಲ್ಲಿ ಇಣುಕಿ. ರೇಡಿಯೇಟರ್‌ಗಳು ಇರುವುದು ಅಲ್ಲೇ, ರಸ್ತೆಯ ಒಣಗಿದೆಲೆಗಳೆಲ್ಲ ಹೋಗಿ ಕೂರುವುದೂ ಅಲ್ಲೇ. ಜಕರಂದಾ ಉದುರುವ ತಿಂಗಳು ಮುಗಿದ ಮೇಲೆ ನೋಡಿದರೆ ಒಂದು ಗುಬ್ಬಿಗೂಡಿಗಾಗುವಷ್ಟು ಸಿಗುತ್ತದೆ.

ನೀವು 2009ಕ್ಕೂ ಹಿಂದಿನದನ್ನೇ ಕೊಳ್ಳುವ ಹಟದಲ್ಲಿದ್ದರೆ ಆಯಿಲ್ ಫಿಲ್ಟರ್ ಬಿಚ್ಚಿಸಿ. ಅದರ ಕಾಗದದ ಮಡಿಕೆಗಳನ್ನು ಒಂದೊಂದಾಗಿ ಬಿಡಿಸಿ ಬಿಸಿಲಿಗೆ ಹಿಡಿಯಿರಿ. ಮಿನುಗು ಕಂಡರೆ ಅಯಸ್ಕಾಂತ ಸೋಕಿಸಿ. ಅಂಟಿಕೊಂಡರೆ ಉಕ್ಕು, ಅಂದರೆ ಬೇರಿಂಗ್ ಪುಡಿ ಇರಬಹುದು. ಅಂಗಿಯ ಜೇಬಿನಲ್ಲಿಟ್ಟುಕೊಂಡು ಹೋಗುವ ಹತ್ತು ರೂಪಾಯಿ ಅಯಸ್ಕಾಂತ ಎಷ್ಟೋ ಲಕ್ಷ ಉಳಿಸಿದ್ದುಂಟು.

ಇನ್ನು ಕಂಪ್ಯೂಟರ್. ಪೋರ್ಷೆಗೆಂದೇ ಇರುವ ಸ್ಕ್ಯಾನರ್ ಬೇಕು. ಆನ್‌ಲೈನ್‌ನಲ್ಲಿ ಐನೂರು ರೂಪಾಯಿಗೆ ಸಿಗುವ ಬ್ಲೂಟೂತ್ ಡಬ್ಬಿ ಇಲ್ಲಿ ಉಪಯೋಗಕ್ಕೆ ಬಾರದು. ಎಂಜಿನ್ ಒಟ್ಟು ಎಷ್ಟು ಗಂಟೆ ಓಡಿದೆ ಎಂಬ ಲೆಕ್ಕ ಎಂಜಿನ್ನಿನ ಕಂಪ್ಯೂಟರಿನಲ್ಲಿರುತ್ತದೆ. ಮೀಟರಿನ ಕಿಲೋಮೀಟರನ್ನು ಆ ಗಂಟೆಗಳಿಂದ ಭಾಗಿಸಿ. 28,000 ಕಿ.ಮೀ., 1,400 ಗಂಟೆ ಅಂದರೆ ಗಂಟೆಗೆ 20. ಬೆಂಗಳೂರಿನ ಕಾರಿಗೆ ಒಪ್ಪುವ ಲೆಕ್ಕ. ಅದೇ 28,000ಕ್ಕೆ 3,000 ಗಂಟೆ ಇದ್ದರೆ ಗಂಟೆಗೆ ಒಂಬತ್ತು ಚಿಲ್ಲರೆ. ಹಾಲಿನವನ ಸೈಕಲ್ಲೂ ಇದಕ್ಕಿಂತ ಜೋರು. ಮೀಟರ್ ಹಿಂದಕ್ಕೆ ತಿರುಗಿಸಿದ್ದಾರೆ, ಅಷ್ಟೇ. ಮಿತಿ ಮೀರಿ ಎಷ್ಟು ಸಲ ಆರ್‌ಪಿಎಂ ಏರಿಸಿದ್ದಾರೆ ಎಂಬುದೂ ಅದರಲ್ಲೇ ಸಿಗುತ್ತದೆ. ಮ್ಯಾನುಯಲ್ ಗೇರಿನ ಕಾರಾದರೆ ಅದನ್ನು ನೋಡಲೇಬೇಕು.

ಟೈರ್ ಗೋಡೆಯ ಮೇಲಿನ ಕೊನೆಯ ನಾಲ್ಕು ಅಂಕಿ ಓದಿ. 2317 ಎಂದಿದ್ದರೆ 2017ರ 23ನೇ ವಾರ ತಯಾರಾದದ್ದು. ಟೈರಿನ ಮೇಲಿನ ಅಚ್ಚು ಸವೆಯದೆ ಚೆನ್ನಾಗಿದ್ದರೂ ಇಷ್ಟು ಹಳೇ ರಬ್ಬರು ಕಲ್ಲಾಗಿರುತ್ತದೆ, ನಾಲ್ಕೂ ಬದಲಿಸುವ ಖರ್ಚು ಲೆಕ್ಕಕ್ಕೆ ಸೇರಿಸಿ. ಬ್ರೇಕ್ ಕ್ಯಾಲಿಪರ್ ಹಳದಿಯಿದ್ದರೆ ಒಳಗಿರುವುದು ಸೆರಾಮಿಕ್ ಡಿಸ್ಕ್, ಅದರ ಬೆಲೆ ಕೇಳಿದರೆ ತಲೆ ತಿರುಗುತ್ತದೆ. ಕೆಲವರು ಚೆಂದಕ್ಕೆಂದು ಹಳದಿ ಬಣ್ಣ ಬಳಿದಿರುತ್ತಾರೆ, ಆಗ ನಿಟ್ಟುಸಿರು ಬಿಡಬಹುದು.

ಬಾಕ್ಸ್ಟರ್ ಆದರೆ ಇನ್ನೊಂದು ಕೆಲಸ. ಚಾವಣಿ ಅರ್ಧ ತೆರೆದು, ಸೀಟಿನ ಹಿಂದೆ ಎರಡೂ ಮೂಲೆಯಲ್ಲಿ ಮಳೆನೀರು ಇಳಿದುಹೋಗುವ ತೂತುಗಳಿಗೆ ಒಂದೊಂದು ಲೋಟ ನೀರು ನಿಧಾನಕ್ಕೆ ಹಾಕಿ. ನೆಲಕ್ಕೆ ಸುರಿದರೆ ಸರಿ. ನಿಂತರೆ ಎಲೆ ಕಟ್ಟಿಕೊಂಡಿದೆ, ಮುಂದಿನ ಮಳೆಯ ನೀರು ಸೀಟಿನ ಬುಡಕ್ಕೆ ಬರುತ್ತದೆ. ಕಾರ್ಪೆಟ್ ಒತ್ತಿ, ಮೂಸಿ ನೋಡಿ. ಘಮಘಮ ಸೆಂಟು ಹೊಡೆದಿದ್ದರೆ ಎರಡು ಸಲ ಮೂಸಿ.

5. ಕಾಗದ ಪತ್ರ

“ದೆಹಲಿ ಗಾಡಿ, ಅದಕ್ಕೇ ಚೀಪು” ಅನ್ನುತ್ತಾರೆ. 15 ವರ್ಷ ದಾಟಿದ ಪೆಟ್ರೋಲ್ ಗಾಡಿಗಳಿಗೆ ಅಲ್ಲಿ ತೊಡಕಿರುವುದರಿಂದ ಆ ವಯಸ್ಸು ಹತ್ತಿರವಾದವು ದಕ್ಷಿಣಕ್ಕೆ ಇಳಿಯುತ್ತವೆ, ನಿಜ. ಆದರೆ ಕರ್ನಾಟಕದಲ್ಲಿ 20 ಲಕ್ಷ ರೂಪಾಯಿಗಿಂತ ಹೆಚ್ಚಿನ ಕಾರಿಗೆ ಜೀವಿತಾವಧಿ ತೆರಿಗೆ ಶೇ 18, ಮೇಲೆ ಸೆಸ್ ಬೇರೆ. ಲೆಕ್ಕ ಹಾಕುವುದು ನೀವು ಕೊಟ್ಟ ಬೆಲೆಗಲ್ಲ, ಕಾರು ಹೊಸದಿದ್ದಾಗಿನ ಬೆಲೆಗೆ. ವಯಸ್ಸು ನೋಡಿ ಅದರಲ್ಲಿ ಇಳಿಸುತ್ತಾರೆ. 60 ಲಕ್ಷದ ಕಾರಾಗಿದ್ದರೆ ಲೆಕ್ಕ ಶುರುವಾಗುವುದೇ 10.8 ಲಕ್ಷದಿಂದ. ಆರ್‌ಟಿಒ ಕಚೇರಿಯಲ್ಲಿ ಮೊದಲೇ ಕೇಳಿಕೊಂಡು ಆಮೇಲೆ ಚೌಕಾಸಿ ಮಾಡಿ.

ಪುದುಚೇರಿ ಇಲ್ಲವೇ ಮಹಾರಾಷ್ಟ್ರದ ನಂಬರಿನಲ್ಲೇ ಓಡಿಸೋಣ, ಯಾರು ಹಿಡಿಯುತ್ತಾರೆ ಎಂಬ ಒಳದಾರಿ ಬೇಡ. 2025ರ ಜುಲೈನಲ್ಲಿ ಬೆಂಗಳೂರಿನಲ್ಲಿ ಮಹಾರಾಷ್ಟ್ರ ನೋಂದಣಿಯ ಫೆರಾರಿಯೊಂದಕ್ಕೆ 1.41 ಕೋಟಿ ರೂ. ತೆರಿಗೆ ಕಟ್ಟಿಸಿಕೊಂಡರು. ಕೆಂಪು ಸ್ಪೋರ್ಟ್ಸ್ ಕಾರನ್ನು ಹುಡುಕಲು ಇನ್‌ಸ್ಪೆಕ್ಟರಿಗೆ ಪತ್ತೇದಾರರು ಬೇಕಿಲ್ಲ. ಮೋಟಾರು ವಾಹನ ಕಾಯ್ದೆಯ 47ನೇ ಸೆಕ್ಷನ್ ಪ್ರಕಾರ 12 ತಿಂಗಳು ಮೀರಿ ಇಲ್ಲಿಟ್ಟುಕೊಂಡರೆ ಹೊಸ ನಂಬರ್ ತೆಗೆದುಕೊಳ್ಳಲೇಬೇಕು. ಎನ್‌ಒಸಿಗೆ ಫಾರಂ 28, ಹೆಸರು ಬದಲಾವಣೆಗೆ 29 ಮತ್ತು 30, ಹೊಸ ನಂಬರಿಗೆ 27, ಸಾಲ ತೀರಿದ್ದಕ್ಕೆ 35. ಆರ್‌ಸಿಯ 15 ವರ್ಷ ಯಾವಾಗ ಮುಗಿಯುತ್ತದೆ ನೋಡಿಕೊಳ್ಳಿ. 2010–11ರ ಕಾರಾದರೆ ನವೀಕರಣದ ಓಡಾಟವೂ ನಿಮ್ಮ ತಲೆಗೇ.

6. ವಿಮೆ

ಎಂಜಿನ್‌ಗೆ ನೀರು ನುಗ್ಗಿದರೂ ಕೊಡುವಂಥದ್ದೇ ಮಾಡಿಸಿ. ಮಳೆಗಾಲದಲ್ಲಿ ಅಂಡರ್‌ಪಾಸ್ ಕಡೆ ತಲೆಯೂ ಹಾಕಬೇಡಿ.

7. ಓಡಿಸುವುದೆಲ್ಲಿ?

ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಮಿತಿ ಗಂಟೆಗೆ 100 ಕಿ.ಮೀ. 130 ದಾಟಿದರೆ ಎಫ್ಐಆರ್ ಎಂದು 2024ರಲ್ಲೇ ಪೊಲೀಸರು ಹೇಳಿದ್ದಾರೆ, ದಾರಿಯುದ್ದಕ್ಕೂ ಕ್ಯಾಮೆರಾಗಳಿವೆ. ಈ ಕಾರು ನೂರಕ್ಕೆ ಏರಲು ತೆಗೆದುಕೊಳ್ಳುವುದು ಆರು ಸೆಕೆಂಡಿನ ಆಸುಪಾಸು, ಉಳಿದ ಒಂದೂವರೆ ಗಂಟೆ ಇನ್ನೋವಾದವರ ಜೊತೆಗೇ. ಜೋರಾಗಿ ಓಡಿಸಲೇಬೇಕೆಂದರೆ ಚೆನ್ನೈ ಬಳಿಯ ಇರುಂಗಾಟುಕೋಟೆಯ ಟ್ರ್ಯಾಕ್ ಇದೆ, ಒಂದು ಸುತ್ತಿಗೆ 3.7 ಕಿ.ಮೀ. ಚಿಲ್ಲರೆ. ಹೋಗುವ ಮೊದಲು ಬ್ರೇಕ್ ಆಯಿಲ್ ಬದಲಿಸಿ. ಆಕ್ಟೇನ್ ಬೂಸ್ಟರ್ ಅಂತ ಪುಟ್ಟ ಬಾಟಲಿಯಲ್ಲಿ ಮಾರುವುದನ್ನು ಅಂಗಡಿಯಲ್ಲೇ ಬಿಡಿ, ಬಂಕಿನಲ್ಲಿ 95 ಆಕ್ಟೇನಿನ ಪೆಟ್ರೋಲ್ ಕೇಳಿ ಹಾಕಿಸಿ.

8. ನಿಲ್ಲಿಸಿಡುವುದು

ವಾರಕ್ಕೊಮ್ಮೆ ತೆಗೆಯುವ ಕಾರಿನ ಬ್ಯಾಟರಿ ಸದ್ದಿಲ್ಲದೆ ಸಾಯುತ್ತದೆ. ಪಾರ್ಕಿಂಗ್ ಜಾಗದಲ್ಲಿ ಪ್ಲಗ್ ಪಾಯಿಂಟ್ ಹಾಕಿಸಿ, ಬ್ಯಾಟರಿಗೆ ನಿಧಾನಕ್ಕೆ ಚಾರ್ಜ್ ತುಂಬುವ ಟ್ರಿಕಲ್ ಚಾರ್ಜರ್ ಚುಚ್ಚಿಡಿ. ಯಾಕೆಂದರೆ ಈ ಕಾರಿನ ಬ್ಯಾಟರಿ ಇರುವುದು ಮುಂದಿನ ಡಿಕ್ಕಿಯಲ್ಲಿ, ಆ ಡಿಕ್ಕಿ ತೆರೆಯುವುದು ಬ್ಯಾಟರಿಯ ಕರೆಂಟಿನಿಂದ. ಸತ್ತಾಗ ಬಾಗಿಲ ಪಕ್ಕದ ಫ್ಯೂಸ್ ಪೆಟ್ಟಿಗೆಯಿಂದ ಒಂದು ಪಿನ್ ಹೊರಗೆಳೆದು, ಬೇರೆ ಬ್ಯಾಟರಿಯ ಪ್ಲಸ್ ವಯರನ್ನು ಅದಕ್ಕೆ, ಮೈನಸ್ಸನ್ನು ಬಾಗಿಲಿನ ಚಿಲಕ ಕೂರುವ ಲೋಹಕ್ಕೆ ಹಿಡಿದು ತೆರೆಯಬೇಕು. ಆಗ ಅಲಾರಾಂ ಬೇರೆ ಕೂಗಿಕೊಳ್ಳುತ್ತದೆ, ವಾಚ್‌ಮನ್‌ಗೆ ಮೊದಲೇ ಹೇಳಿಡಿ.

ಟೋಯಿಂಗ್‌ಗೆ ಫ್ಲಾಟ್‌ಬೆಡ್ ಲಾರಿಯನ್ನೇ ಕರೆಸಿ. ಅದಕ್ಕೆ ಎಳೆದು ಹತ್ತಿಸುವ ಕೊಕ್ಕೆ ಕಾರಿನ ಜೊತೆಗೇ ಬಂದಿರುತ್ತದೆ, ಮುಂದಿನ ಡಿಕ್ಕಿಯ ಟೂಲ್ ಚೀಲದಲ್ಲಿ. ಇವತ್ತೇ ತೆಗೆದು ಸೀಟಿನ ಹಿಂದೆ ಇಟ್ಟುಕೊಳ್ಳಿ.