ಗಾಳದ ಗುಂಡಿಗೆ ಸೀಸ ಎರೆಯುವ ಸಾಮಾನು: ನನ್ನ ಅನುಭವ

ಕಲ್ಲುಬಂಡೆ ಇರುವ ಅಳಿವೆಯಲ್ಲಿ ಗಾಳ ಹಾಕಿದರೆ ದಾರವನ್ನು ಮುಳುಗಿಸುವ ಸೀಸದ ಗುಂಡು ಕಳೆಯುವುದು ಮಾಮೂಲು. ಮನೆಯಲ್ಲೇ ಎರೆಯೋಣ ಎಂದು ಹೊರಟವರು ಮೊದಲು ದೊಡ್ಡ ಕುಲುಮೆ ಹುಡುಕುತ್ತಾರೆ. ಅದು ಬೇಡ. ಸೀಸ ನೀರಿಗಿಂತ ಹನ್ನೊಂದು ಪಟ್ಟು ಭಾರ, ಎರಡು ಕಿಲೋ ಕರಗಿಸಿದರೂ ಸುಮಾರು 190 ಮಿ.ಲೀ., ಒಂದು ಲೋಟದಷ್ಟೂ ಆಗದು. 30 ಗ್ರಾಂನ 60 ಗುಂಡಿಗೆ ಅಷ್ಟು ಸಾಕು. ನಾನು ಬಳಸುವುದು ದಪ್ಪ ತಳದ ಚಿಕ್ಕ ಎರಕದ ಕಬ್ಬಿಣದ ಬಾಣಲೆ. ಅಲ್ಯೂಮಿನಿಯಂ ಪಾತ್ರೆ ಆ ಶಾಖಕ್ಕೆ ಮೆತ್ತಗಾಗಿ ಭಾರಕ್ಕೆ ಜೋಲುತ್ತದೆ. ಇದಕ್ಕೆ ಇಟ್ಟ ಬಾಣಲೆ, ಸೌಟು ಮತ್ತೆ ಅಡುಗೆಗೆ ಬರಕೂಡದು.

ದುಡ್ಡು ಹಾಕಬೇಕಾದ್ದು ಥರ್ಮಾಮೀಟರಿಗೆ. ಕೆ-ಟೈಪ್ ಪ್ರೋಬ್ (ಸೀಸದಲ್ಲಿ ಅದ್ದಿ ಶಾಖ ಅಳೆಯುವ ತಂತಿ) ಹಾಕುವ ಮಲ್ಟಿಮೀಟರ್ ಸಾಕು. ದೂರದಿಂದ ಅಳೆಯುವ ಇನ್‌ಫ್ರಾರೆಡ್ ಗನ್ ಹೊಳೆಯುವ ಸೀಸದ ಮೇಲೆ ನಿಜಕ್ಕಿಂತ ಬಹಳ ಕಡಿಮೆ ತೋರಿಸುತ್ತದೆ, ಅದನ್ನು ನಂಬಿದರೆ ಉರಿ ಏರಿಸುತ್ತಲೇ ಹೋಗುತ್ತೀರಿ. ಸೀಸ ಕರಗುವುದು 327 ಡಿಗ್ರಿ ಸೆಲ್ಸಿಯಸ್‌ಗೆ. ನಾನು ಎರೆಯುವುದು 370ರಿಂದ 400ರ ಒಳಗೆ. ಸೀಸಕ್ಕಾಗಿ ತರುವ ಟೈರ್ ಅಂಗಡಿಯ ಬ್ಯಾಲೆನ್ಸಿಂಗ್ ತೂಕಗಳಲ್ಲಿ (ಚಕ್ರ ಸಮ ತೂಗಲು ಹಾಕುವ ತುಂಡುಗಳಲ್ಲಿ) ಈಗ ಸತುವಿನವೂ ಸೇರಿರುತ್ತವೆ. ಇಕ್ಕಳದಿಂದ ಒತ್ತಿದಾಗ ಸೀಸ ತಗ್ಗುತ್ತದೆ, ಸತು ಜಗ್ಗುವುದಿಲ್ಲ. ಕಣ್ತಪ್ಪಿ ಒಂದೆರಡು ಬಿದ್ದರೂ ಸತು ಕರಗಲು 419 ಡಿಗ್ರಿ ಬೇಕು, ಅದಕ್ಕೆ ಮೊದಲೇ ತೇಲುವುದನ್ನು ತೆಗೆದುಬಿಡಬಹುದು. ಕರಗಿ ಬೆರೆತರೆ ಸೀಸ ಗಂಜಿಯಂತಾಗಿ ಅಚ್ಚು ತುಂಬುವುದೇ ಇಲ್ಲ. ಹಳೇ ಬ್ಯಾಟರಿಯ ಸೀಸವನ್ನಂತೂ ಮುಟ್ಟಲೇಬೇಡಿ: ಅದರ ಕಿಟ್ಟಕ್ಕೆ ತೇವ ತಾಗಿದರೆ ಆರ್ಸೀನ್ ಎಂಬ ವಿಷಾನಿಲ ಹುಟ್ಟಬಹುದು.

ಅಚ್ಚು ಎರಡು ಹೋಳಿನ ಅಲ್ಯೂಮಿನಿಯಂನದ್ದೇ ಇರಲಿ. ಪ್ಲಾಸ್ಟರ್ ಅಚ್ಚು ಒಣಗಿದಂತೆ ಕಂಡರೂ ಒಳಗೆ ನೀರಿರುತ್ತದೆ. ಆ ನೀರು ಒಮ್ಮೆಲೇ ಆವಿಯಾಗಿ ಸೀಸವನ್ನು ಮುಖಕ್ಕೆ ಚಿಮ್ಮಿಸುತ್ತದೆ. ಒದ್ದೆ ಸೌಟು, ಬೆವರಿನ ಹನಿ, ತಣ್ಣಗಿನ ತುಂಡನ್ನು ನೇರ ಬಾಣಲೆಗೆ ಹಾಕುವುದು, ಎಲ್ಲವೂ ಅದೇ ಅಪಾಯ. ಹೊಸ ತುಂಡನ್ನು ಮೊದಲು ಬಾಣಲೆಯ ಅಂಚಿನಲ್ಲಿ ಕಾಯಿಸಿ.

ಅಚ್ಚಿನ ಒಳಮೈಗೆ ಮೇಣದ ಬತ್ತಿಯ ಮಸಿ ಹಿಡಿಸಿ, ಉರಿಯ ಪಕ್ಕ ಬಿಸಿಮಾಡಿ. ದಾರದ ತೂತಿಗೆ 2 ಮಿ.ಮೀ. ಸೈಕಲ್ ಕಡ್ಡಿಗೂ ಮಸಿ ಹಚ್ಚಿ ನಡುವೆ ಇಡಿ, ಗಟ್ಟಿಯಾದ ಮೇಲೆ ತಿರುಚಿದರೆ ಸಲೀಸಾಗಿ ಬರುತ್ತದೆ. ಮೊದಲ ನಾಲ್ಕೈದು ಗುಂಡು ಸುಕ್ಕುಗಟ್ಟುವುದು ಅಚ್ಚು ತಣ್ಣಗಿರುವುದರಿಂದ. ಮೈ ಬಿಳಿಚಿದಂತಾದರೆ ಅಚ್ಚು ಹೆಚ್ಚು ಕಾದಿದೆ. ಅಂಚಿನಲ್ಲಿ ರೆಕ್ಕೆ ಬಂದರೆ ಹೋಳುಗಳ ನಡುವೆ ಕಸವಿದೆ. ನೆತ್ತಿಯಲ್ಲಿ ಕುಳಿ ಬಿದ್ದರೆ, ಅಚ್ಚಿನ ಬಾಯಿಯ ಮೇಲೆ ಸೀಸ ಉಬ್ಬಿ ನಿಲ್ಲುವಷ್ಟು ಸುರಿಯಿರಿ: ಗಟ್ಟಿಯಾಗುವಾಗ ಸೀಸ ಕುಗ್ಗುತ್ತದೆ, ಕುಗ್ಗಿದ್ದನ್ನು ಆ ಉಬ್ಬು ತುಂಬಿಕೊಡುತ್ತದೆ.

ಬಯಲಲ್ಲಿ, ಗಾಳಿಗೆ ಬೆನ್ನು ಕೊಟ್ಟು ಎರೆಯಿರಿ. ಬಟ್ಟೆ ಮಾಸ್ಕ್ ಸಾಲದು, ಸಣ್ಣ ಕಣಗಳನ್ನೂ ತಡೆಯುವ ಪಿ100 ಫಿಲ್ಟರ್‌ನ ಮಾಸ್ಕ್ ಬೇಕು. ಕನ್ನಡಕ, ಚರ್ಮದ ಕೈಗವಸು, ಮುಚ್ಚಿದ ಬೂಟು ಸಹ. ಮಕ್ಕಳು, ಗರ್ಭಿಣಿಯರು ಹತ್ತಿರ ಸುಳಿಯಬಾರದು. ನಾನು ಹೊಗೆಗಿಂತ ಹೆಚ್ಚು ಹೆದರುವುದು ಕಿಟ್ಟದ ಬೂದಿಪುಡಿಗೆ, ಅದು ಬೆರಳಿಂದ ಬಾಯಿಗೆ ಹೋಗುತ್ತದೆ. ಕಿಟ್ಟವನ್ನು ಮುಚ್ಚಳದ ಡಬ್ಬಿಗೆ ಹಾಕಿ, ನೆಲವನ್ನು ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಹಾಕಿಕೊಂಡ ಬಟ್ಟೆಯನ್ನು ಬೇರೆಯಾಗಿ ಒಗೆಯಿರಿ.